ನವಿಲುಮಣೆಯ ಮುಯ್ಯಿ

ಕೊರೊನಾ ಮುಗಿದು ಊರು ಮತ್ತೆ ಮೊದಲಿನಂತಾದ ಮರುವರ್ಷ ನಾನು ಕೆಲಸಕ್ಕೆ ಸೇರಿದೆ. ಅರವತ್ತು ದಾಟಿದ ಮೇಲೆ ಕೆಲಸಕ್ಕೆ ಸೇರಿದವಳು ಎಂದು ನಗಬೇಡಿ. ನನ್ನ ಹುದ್ದೆಗೆ ‘ಪ್ಲೇಯರ್ ಸಪೋರ್ಟ್’ ಎನ್ನುತ್ತಾರೆ. ಮೊಬೈಲಿನಲ್ಲಿ ಆಡುವ ಒಂದು ಆಟದ ಆಟಗಾರರು, ಏನಾದರೂ ತೊಂದರೆಯಾದರೆ, ದನಿಯಲ್ಲೇ ಸಂದೇಶ ಕಳುಹಿಸುತ್ತಾರೆ. ಅದನ್ನು ಕೇಳಿಸಿಕೊಂಡು ಸಮಾಧಾನ ಹೇಳುವುದು ನನ್ನ ಕೆಲಸ. ಕಚೇರಿ ಇರುವುದು ರಾಬರ್ಟ್‌ಸನ್‌ಪೇಟೆಯಲ್ಲಿ, ಹಿಟ್ಟಿನ ಗಿರಣಿಯ ಮೇಲಿನ ಒಂದು ಕೋಣೆಯಲ್ಲಿ. ಕೆಳಗೆ ಮೆಣಸಿನಕಾಯಿ ಬೀಸುವ ದಿನ ಮೇಲೆ ನಾವೆಲ್ಲ ಸೀನುತ್ತಲೇ ಉತ್ತರ ಹೇಳುತ್ತೇವೆ. ಕಂಪನಿಯ ಒಡತಿ ನನ್ನ ಮೊಮ್ಮಗಳು ಚೈತ್ರ. ಇಷ್ಟು ಬರೆಯುವಷ್ಟರಲ್ಲೇ ನನ್ನ ಮುಖ ಅಗಲವಾಗಿಬಿಟ್ಟಿದೆ, ಏನು ಮಾಡಲಿ!

ಅದಕ್ಕೂ ಮೊದಲು ನಾನು ಬಂಗಾರಪೇಟೆಯ ಹತ್ತಿರ ಗಾರ್ಮೆಂಟ್ಸ್ ಒಂದರಲ್ಲಿ ಕಾಲರ್ ಹೊಲಿಯುತ್ತಿದ್ದೆ. ಕಣ್ಣು ಮಂಜಾದ ಮೇಲೆ ಬಿಟ್ಟು ಮನೆಯಲ್ಲಿ ಕೂತಿದ್ದೆ. ಓದಿದ್ದು ಮೂರನೇ ಕ್ಲಾಸು. ಚೈತ್ರ ಒಂದು ದಿನ ಬಂದು ಕೇಳಿದಳು.

“ಅಜ್ಜಿ, ಗುರುತು ಪರಿಚಯ ಇಲ್ದೋರ ಜೊತೆ ದಿನಾ ಮಾತಾಡ್ಬೇಕು. ಬೇಜಾರಿಲ್ಲ ತಾನೆ?”

“ಬೇಜಾರಾ? ಬಾಯಿ ಮುಚ್ಕೊಂಡಿರೋದೇ ನಂಗೆ ಬೇಜಾರು ಕಣೇ.”

ಅದೇ ನನ್ನ ಇಂಟರ್‌ವ್ಯೂ.

ಆಟ ಬೇರೆ ಯಾವುದೂ ಅಲ್ಲ, ನಾವು ನೀವೆಲ್ಲ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಆಡಿದ ಚೌಕಾಬಾರ. ನಾಲ್ಕು ಜನ, ನಾಲ್ಕು ಕವಡೆ. ಕಾಯಿಗಳನ್ನು ಸುತ್ತು ಹಾಕಿಸಿ ನಡುಮನೆ ಸೇರಿಸಿದವರು ಗೆದ್ದಂತೆ. ಚೈತ್ರ ಇದನ್ನು ಆನ್‌ಲೈನ್ ಮಲ್ಟಿಪ್ಲೇಯರ್ ಮಾಡಿದ್ದಳು. ಎಂದರೆ, ಮಾರಿಕುಪ್ಪಂನಿಂದ ಹೊರಟ ರೈಲಿನಲ್ಲಿ ನೇತಾಡುತ್ತಿರುವವನೂ ಹಳ್ಳಿಯ ಕೊಟ್ಟಿಗೆಯ ಮುಂದೆ ಕೂತವಳೂ ಒಂದೇ ಮಣೆಯ ಸುತ್ತ ಆಡಬಹುದು. ನಾಲ್ವರು ಸೇರುವ ಜಾಗಕ್ಕೆ ಬೇರೆ ಆಟಗಳಲ್ಲಿ ‘ರೂಮ್’ ಎನ್ನುತ್ತಾರಂತೆ. ನಮ್ಮದರಲ್ಲಿ ಅದು ‘ಜಗಲಿ’. ಬಾಜಿ ಇಲ್ಲ, ಗೆದ್ದರೆ ಕಾಸು ಬರುವುದಿಲ್ಲ, ಸೋತರೆ ಹೋಗುವುದೂ ಇಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ನಮ್ಮ ಬೀದಿಯವರು ಮೊದಲು ಅನುಮಾನಪಟ್ಟಿದ್ದೇ ಅದಕ್ಕೆ.

ನನಗೆ ಬರುತ್ತಿದ್ದ ಸಂದೇಶಗಳನ್ನು ಕೇಳಿದ್ದರೆ ನೀವೂ ಸಂಬಳ ಬೇಡ ಎನ್ನುತ್ತಿದ್ದಿರಿ. “ಅಜ್ಜಮ್ಮೋ, ನನ್ ಕಾಯಿ ಇನ್ನೇನ್ ನಡುಮನೆಗೆ ಓಗ್ಬೇಕು, ನೆಟ್ ಓಯ್ತು. ವಾಪಸ್ ಅಲ್ಲೇ ಇಡ್ಸಮ್ಮಾ!” ಎಂದು ಒಬ್ಬರು. ರೈಲಿನಲ್ಲಿ ಓಡಾಡುತ್ತಾ ಆಡುವ ಮುನಿಯಪ್ಪ ಎಂಬಾತ ದಿನವೂ, “ನಂಗೇ ಯಾಕ್ ಒಂದೊಂದೇ ಬೀಳ್ತದೆ? ನಿಮ್ ಮೊಮ್ಮಗ್ಳಿಗೆ ನಾನೇನ್ ಮಾಡಿವ್ನಿ?” ಎಂದು ದೂರು ಕೊಡುತ್ತಿದ್ದ.

ಈ ಕಥೆಗೆ ಬೇಕಾದವರು ಇಬ್ಬರು. ಒಬ್ಬಳು ನಾಗವೇಣಿ. ಬೂದಿಕೋಟೆ ಕಡೆಯ ಹಳ್ಳಿಯವಳು, ಎರಡು ಹಸು ಸಾಕಿದವಳು. ಬೆಳಗ್ಗೆ ಡೇರಿಗೆ ಹಾಲು ಹಾಕಿ ಬಂದು ಆಟಕ್ಕೆ ಕೂರುತ್ತಿದ್ದಳು. ಇನ್ನೊಬ್ಬರು ಬಂಗಾರಪೇಟೆಯ ಸರೋಜಮ್ಮ. ಅವರಿಗೆ ಬಳೆ ಅಂಗಡಿ. ಗಿರಾಕಿ ಬರುವ ಮುಂಚೆ ಎರಡು ಆಟ ಮುಗಿಸುತ್ತಿದ್ದರು. ಇಬ್ಬರೂ ಮುಖ ನೋಡಿಕೊಂಡವರಲ್ಲ, ಆದರೆ ಒಂದೇ ಜಗಲಿ, ಆಡುತ್ತಲೇ ದನಿಯಲ್ಲಿ ಮಾತು. “ಬಳೆ ಅಕ್ಕಾ, ನಿಮ್ ಕಾಯಿ ಕಡ್ದೆ. ಇನ್ ಓಗಿ ಅಂಗ್ಡಿ ತೆಗೀರಿ” ಎಂದು ಇವಳು. “ತಡಿಯೇ ಆಲಿನೋಳೇ, ನಿಂಗೈತೆ” ಎಂದು ಅವರು.

ಇಷ್ಟೆಲ್ಲ ಸಂಭ್ರಮ ಇದ್ದರೂ ಚೈತ್ರ ಚಿಂತೆಯಲ್ಲಿದ್ದಳು. ಆಟ ನಡೆಯಲು ಸರ್ವರ್ ಬೇಕು. ಸರ್ವರ್ ಎಂದರೆ ಊರ ಮುಂದಿನ ಕಟ್ಟೆಯ ಹಾಗೆ, ಎಲ್ಲರೂ ಬಂದು ಕೂರುವ ಜಾಗ. ವ್ಯತ್ಯಾಸವೆಂದರೆ ಊರಕಟ್ಟೆಗೆ ಬಾಡಿಗೆ ಇಲ್ಲ, ಇದಕ್ಕೆ ಪ್ರತಿ ತಿಂಗಳೂ ಇದೆ. ಜನ ಹೆಚ್ಚಿದಷ್ಟೂ ಬಾಡಿಗೆ ಹೆಚ್ಚು. ಅವಳು ಕೂಡಿಟ್ಟಿದ್ದು ಕರಗುತ್ತಾ ಬಂದಿತ್ತು. “ಯುಗಾದಿ ಹೊತ್ತಿಗೆ ಆಟವೇ ಬಾಡಿಗೆ ದುಡೀಬೇಕು ಅಜ್ಜಿ. ಇಲ್ಲಾಂದ್ರೆ ಮುಚ್ತೀನಿ” ಎಂದಳು. ಅವಳು ಸುಮ್ಮನೆ ಹೇಳುವವಳಲ್ಲ.

ದುಡಿಸುವ ದಾರಿಗೆ ‘ಇನ್-ಗೇಮ್ ಪರ್ಚೇಸ್’ ಎಂದು ಹೆಸರು. ಆಟ ಬಿಟ್ಟಿ, ಆದರೆ ಆಟದೊಳಗೆ ಕೆಲವು ವಸ್ತು ಮಾರುವುದು. ಚೈತ್ರಳ ಜೊತೆ ಕೋಡ್ ಬರೆಯುವ ಸೆಲ್ವಿ, ನಮ್ಮ ಪೇಟೆಯದೇ ಹುಡುಗಿ, ಹೆಚ್ಚುವರಿ ಎಸೆತ ಮಾರೋಣ ಎಂದಳು. ಚೈತ್ರ ಒಪ್ಪಲಿಲ್ಲ. “ದುಡ್ಡಿರೋರು ಎರಡು ಸಲ ಎಸೆದ್ರೆ ಇಲ್ದೋರು ಯಾಕೆ ಬಂದು ಕೂರ್ತಾರೆ?” ಎಂದಳು. ಕೊನೆಗೆ ಅಲಂಕಾರದ ವಸ್ತುಗಳೇ ಸರಿ ಎಂದಾಯಿತು. ಒಂದು ಟೀ ಬೆಲೆಗೆ ಮಣೆಯ ಸುತ್ತ ಚೆಂಡುಹೂವಿನ ಸರ, ಅದಕ್ಕಿಂತ ಹೆಚ್ಚಿಗೆ ಬೆಳ್ಳಿ ಕವಡೆ, ಎಲ್ಲಕ್ಕಿಂತ ಮೇಲೆ ನವಿಲುಮಣೆ. ಕಾಯಿ ನಡುಮನೆ ಸೇರಿದಾಗ ಆ ಮಣೆಯ ಮೇಲಿನ ನವಿಲು ಗರಿ ಬಿಚ್ಚಿ ಕುಣಿಯುತ್ತಿತ್ತು. ಸೆಲ್ವಿ ಅದನ್ನು ಎಷ್ಟು ಚೆನ್ನಾಗಿ ಮಾಡಿದ್ದಳೆಂದರೆ ನಾನು ಕೆಲಸ ಬಿಟ್ಟು ಅದನ್ನೇ ನೋಡುತ್ತಿದ್ದೆ.

ಯಾರೂ ಕೊಳ್ಳಲಿಲ್ಲ. ಕಾರಣ ಕೇಳಿದಾಗ ಸರೋಜಮ್ಮ ಹೇಳಿದರು, “ನನ್ ಮಣೆಗೆ ನಾನೇ ಊ ಮುಡಿಸ್ಕಂಡು ಕೂತ್ರೆ ಜನ ನಗಲ್ವಾ ಅಜ್ಜಮ್ಮ? ಆಲಿನೋಳ ಮಣೆಗೆ ಆಕಿ. ದುಡ್ ನಾನ್ ಕಟ್ತೀನಿ.”

ಚೈತ್ರ ಕುರ್ಚಿಯಿಂದ ಎದ್ದೇಬಿಟ್ಟಳು. ವಾರದೊಳಗೆ ಆಟದಲ್ಲಿ ಉಡುಗೊರೆ ಕೊಡುವ ಬಟನ್ ಬಂತು. ಅದಕ್ಕೆ ಹೆಸರೇನು ಎಂದು ಯೋಚಿಸುವ ಕಷ್ಟವೇ ಆಗಲಿಲ್ಲ. ಮೂವರ ಬಾಯಲ್ಲೂ ಬಂದ ಹೆಸರು ‘ಮುಯ್ಯಿ’. ಮದುವೆ, ಗೃಹಪ್ರವೇಶದಲ್ಲಿ ನೆಂಟರಿಷ್ಟರು ಕೊಡುವುದು. “ನಮ್ಮ ತಮಿಳಲ್ಲಿ ಮೊಯ್ ಅಂತೀವಿ ಪಾಟಿ, ಒಂದೇ” ಎಂದು, ನನ್ನನ್ನು ಅಜ್ಜಿ ಎನ್ನುವ ಬದಲು ಪಾಟಿ ಎನ್ನುವ ಸೆಲ್ವಿಯೂ ತಲೆಯಾಡಿಸಿದಳು. ಮದುವೆಮನೆಯಲ್ಲಿ ಯಾರು ಏನು ಕೊಟ್ಟರೆಂದು ಮೈಕಿನಲ್ಲಿ ಕೂಗುವ ಹಾಗೆ ಇಲ್ಲೂ ಕೊಟ್ಟವರ ಹೆಸರು ಮಣೆಯ ಕೆಳಗೆ ಹೊಳೆಯುವಂತೆ ಮಾಡಿದೆವು. ಹೆಸರು ನೋಡಿದ ಕೂಡಲೇ ಎಲ್ಲರಿಗೂ ಅರ್ಥವಾಯಿತು. ಪೂರ್ತಿ ಅರ್ಥವಾದದ್ದೇ ಆಮೇಲೆ ತೊಂದರೆಯಾಯಿತು.

ಸಂಕ್ರಾಂತಿಯ ಹೊತ್ತಿಗೆ ಹೂವಿನ ಸರಗಳು ಹರಿದಾಡಿದವು. ಸರೋಜಮ್ಮ ನಾಗವೇಣಿಗೆ ನವಿಲುಮಣೆಯನ್ನೇ ಕೊಟ್ಟರು. ಚೈತ್ರ ನನಗೆ ಎರಡು ಮೊಳ ಮಲ್ಲಿಗೆ ತಂದು ಮುಡಿಸಿ, “ಉಳ್ಕೊಂಡ್ವಿ ಅಜ್ಜಿ” ಎಂದಳು. ನಾನು ಆ ಹೂವನ್ನು ಬಾಡಿದ ಮೇಲೂ ತೆಗೆಯಲಿಲ್ಲ. ಮುಡಿಸಿದವಳು ಯಾರು ಮತ್ತೆ!

ಶಿವರಾತ್ರಿ ಬರುವಷ್ಟರಲ್ಲಿ ಜಗಲಿಗಳು ಖಾಲಿಯಾಗತೊಡಗಿದವು. ಚೈತ್ರ ಪರದೆಯ ಮೇಲೆ ಏನೇನೋ ಗೆರೆಗಳನ್ನು ನೋಡಿ ಹಣೆ ಉಜ್ಜಿಕೊಂಡಳು.

“ವಿಚಿತ್ರ ಅಜ್ಜಿ. ಕೊಟ್ಟೋರು ಇದ್ದಾರೆ. ತಗೊಂಡೋರು ಹೋಗ್ತಿದ್ದಾರೆ.”

ಸೆಲ್ವಿಗೆ ಅನುಮಾನ ಬಂದಿದ್ದು ನವಿಲಿನ ಮೇಲೆ. ಕಡಿಮೆ ಬೆಲೆಯ ಫೋನುಗಳಿಗೆ ಅದು ಭಾರವಾಗಿ ಆಟ ನಿಂತುಹೋಗುತ್ತಿರಬಹುದು ಎಂದು, ಪಾಪ, ಕಣ್ಣೀರು ಹಾಕಿಕೊಂಡೇ ಅದರ ಅರ್ಧ ಗರಿಗಳನ್ನು ಕಿತ್ತಳು. ನವಿಲು ಕೋಳಿಯ ಹಾಗೆ ಕಂಡಿತೇ ಹೊರತು ಹೋದವರು ವಾಪಸಾಗಲಿಲ್ಲ.

ನಾಗವೇಣಿಯ ದನಿ ಕೇಳಿಯೂ ದಿನಗಳಾಗಿದ್ದವು. ನಾನೇ ಫೋನು ಮಾಡಿದೆ.

“ಅಸ ಕರ ಆಕೈತೆ ಅಜ್ಜಮ್ಮ, ಪುರುಸೊತ್ತಿಲ್ಲ” ಎಂದಳು. ತಕ್ಷಣವೇ, “ಗಿಣ್ಣು ಮಾಡ್ತೀನಿ, ಬನ್ರಿ. ಮೊಮ್ಮಗ್ಳನ್ನೂ ಕರ್ಕಂಡ್ ಬನ್ರಿ” ಎಂದಳು. ಕರೆದ ದನಿಯಲ್ಲಿ ಪ್ರೀತಿಗೆ ಕೊರತೆ ಇರಲಿಲ್ಲ. ಹಾಗಾದರೆ ಆಟಕ್ಕೆ ಯಾಕೆ ಬರುವುದಿಲ್ಲ? ಕರು ಹಾಕಿದ ಹಸು ಇಪ್ಪತ್ತನಾಲ್ಕು ಗಂಟೆಯೂ ಕರೆಯುವುದಿಲ್ಲವಲ್ಲ.

ಮರುದಿನ ನಾನೂ ಚೈತ್ರಳೂ ಬಂಗಾರಪೇಟೆಗೆ ಹೋಗಿ ಬೂದಿಕೋಟೆಯ ಬಸ್ಸು ಹತ್ತಿದೆವು. ಯುಗಾದಿಗೆ ಕೆಲವೇ ವಾರಗಳಿದ್ದವು. ಚೈತ್ರಳಿಗೆ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಆ ವಯಸ್ಸಿನಲ್ಲಿ ಕಿಟಕಿಯಾಚೆ ನೋಡಿ ನಗುತ್ತಾ ಕೂರಬೇಕಾದವಳು ಉಗುರು ಕಚ್ಚುತ್ತಾ ಕೂತಿದ್ದಳು. ನಾನು ಅವಳ ಕೈ ಹಿಡಿದು ಬಾಯಿಂದ ಕೆಳಗಿಳಿಸಿದೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಕೈ ಬಾಯಿಗೆ ಹೋಯಿತು.

ನಾಗವೇಣಿ ನಾನು ಅಂದುಕೊಂಡದ್ದಕ್ಕಿಂತ ಕುಳ್ಳಗಿದ್ದಳು. ಅವಳ ನಗು ಮಾತ್ರ ಫೋನಿನಲ್ಲಿ ಕೇಳಿದ್ದಕ್ಕಿಂತ ದೊಡ್ಡದು. ತಟ್ಟೆ ತುಂಬ ಏಲಕ್ಕಿ ಹಾಕಿದ ಗಿಣ್ಣು ಕೊಟ್ಟಳು. ಕರು ತೋರಿಸಿದಳು. ಅತ್ತೆಯ ಮಂಡಿನೋವು, ಡೇರಿಯವರು ಹಾಲಿನ ಫ್ಯಾಟ್ ಅಳೆಯುವ ಚೆಂದ, ಎಲ್ಲ ಹೇಳಿದಳು. ಆಟದ ಸುದ್ದಿ ಮಾತ್ರ ಎತ್ತಲಿಲ್ಲ.

ಚೈತ್ರಳೇ ಕೇಳಿದಳು. “ಅಕ್ಕಾ, ಆಟ ಕೆಟ್ಟೋಗಿದ್ಯಾ? ಫೋನ್ ನಿಂತೋಗ್ತಿತ್ತಾ?”

“ಆಟಕ್ಕೇನವ್ವಾ, ಚೆಂದಾಗೈತೆ. ಇನ್ನೊಂದ್ ತುಂಡು ಆಕ್ಕೋ.”

ಮತ್ತೊಮ್ಮೆ ಕೇಳಿದಾಗಲೂ ಇನ್ನೊಂದು ತುಂಡು ಗಿಣ್ಣೇ ಬಂತು. ಹೊರಡುವ ಹೊತ್ತಾಯಿತು. ನಾಗವೇಣಿ, “ಮದ್ವೆಯಾದ್ಮೇಲೆ ಮೊದುಲ್ನೇ ಸಲ ಬಂದಿದೀಯ. ನಮ್ಮನೆ ಮಗಳಿದ್ದಂಗೆ. ಬಾ, ಕೂತ್ಕೋ” ಎಂದು ಚೈತ್ರಳನ್ನು ಮಣೆಯ ಮೇಲೆ ಕೂರಿಸಿ ಮಡಿಲಿಗೆ ಅಕ್ಕಿ, ಅಚ್ಚುಬೆಲ್ಲ, ತೆಂಗಿನಕಾಯಿ, ಒಂದು ರವಿಕೆಯ ಕಣ ಹಾಕಿದಳು. ಮಗಳು ತವರಿನಿಂದ ಹೊರಡುವಾಗ ಕೊಡುವ ಮಡಿಲಕ್ಕಿ. ಚೈತ್ರಳಿಗೆ ಸಂಕೋಚವಾಯಿತು.

“ನಾನು ಬರೀ ಒಂದು ಡಜನ್ ಬಾಳೆಹಣ್ಣು ತಂದೆ ಅಕ್ಕ. ಇಷ್ಟೆಲ್ಲ ಕೊಟ್ರೆ ಹೆಂಗೆ ತೀರಿಸ್ಲಿ?”

“ಅಮ್ಮೋ! ಮಡ್ಲಕ್ಕಿ ಯಾರಾನ ತೀರುಸ್ತಾರಾ? ಇದೇನ್ ಮುಯ್ಯಾ? ಒಂದಿಡಿ ಅಕ್ಕಿ ಎತ್ತಿ ಈ ಮೊರಕ್ಕೆ ಆಕ್ಬುಟ್ಟು ನಗ್ತಾ ಓಗು. ತವರು ತುಂಬಿರ್ಲಿ ಅಂತ. ಅಷ್ಟೇಯ.” ಇಷ್ಟು ಹೇಳಿ ಅವಳು ತಲೆ ಬಗ್ಗಿಸಿದಳು. “ಮುಯ್ಯಾದ್ರೆ ಬ್ಯಾರೆ.”

“ಯಾರ ಮುಯ್ಯಿ ನಾಗವೇಣಿ?” ಎಂದೆ.

ಆಗ ಬಾಯಿಬಿಟ್ಟಳು. “ಬಳೆ ಅಕ್ಕಂದು ಅಜ್ಜಮ್ಮ. ಎಲ್ಡ್ ಲೀಟ್ರು ಆಲಿನ್ ದುಡ್ ಕೊಟ್ಟು ಆ ನವ್ಲು ಕೊಡ್ಸವ್ರೆ. ಮುಯ್ಯಿ ಅಂದ್ಮೇಲೆ ಅದ್ರ ಮೇಲೊಂದಿಷ್ಟ್ ಸೇರ್ಸಿ ವಾಪಸ್ ಕೊಡ್ಬೇಕಲ್ವಾ? ನಾನ್ ಎಲ್ಲಿಂದ ಕೊಡ್ಲಿ? ಕಾಯಿ ನಡುಮನೆಗೆ ಓದಾಗೆಲ್ಲ ಆ ನವ್ಲು ಕುಣೀತದೆ, ಕೆಳಗೆ ಅಕ್ಕನ್ ಎಸ್ರು. ನಾಕ್ ಜನ ನೋಡ್ತಾರೆ. ಗೆಲ್ಲಕ್ಕೇ ನಾಚ್ಕೆ ಆಗೋಯ್ತು. ಸೋತ್ಬುಡಾಣ ಅಂತ ನೋಡಿದ್ರೆ ಆಳಾದ್ ಕವಡೆ, ಎಸೆದಾಗೆಲ್ಲ ಎಂಟು ಬೀಳ್ತದೆ!”

ನನಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಚೈತ್ರ ಕೇಳಿದಳು, “ಬೇಡ ಅನ್ಬೋದಿತ್ತಲ್ಲ ಅಕ್ಕಾ?”

“ಪ್ರೀತಿಯಿಂದ ಕೊಟ್ಟಿದ್ನ ಬ್ಯಾಡ ಅಂತಾರೇನವ್ವಾ? ಅಕ್ಕ ಏನನ್ಕಂತಾರೆ?”

ಚೈತ್ರಳ ಮುಷ್ಟಿಯಲ್ಲಿ ಮೊರಕ್ಕೆ ಹಾಕಬೇಕಾದ ಅಕ್ಕಿ ಹಾಗೇ ಇತ್ತು. ಅವಳು ಅದನ್ನೇ ನೋಡುತ್ತಿದ್ದಳು. ಆ ಮುಖ ನನಗೆ ಗೊತ್ತು. ಚಿಕ್ಕವಳಿದ್ದಾಗ ನನ್ನ ಹೊಲಿಗೆ ಮಷೀನಿನ ಬಾಬಿನ್ ಹೇಗೆ ದಾರ ಎಳೆಯುತ್ತದೆಂದು ತಾನೇ ಕಂಡುಹಿಡಿದ ದಿನ ಇದ್ದ ಮುಖ ಅದು.

“ಅಜ್ಜೀ! ಒಂದು ಹಿಡಿ! ಒಂದು ಹಿಡಿ ಸಾಕು!”

“ಅದ್ನೇ ಅಲ್ವಾ ನಾನ್ ಆಗ್ಲಿಂದ ಏಳ್ತಿರೋದು, ಆಕವ್ವಾ” ಎಂದಳು ನಾಗವೇಣಿ, ಇವಳಿಗೇನಾಯಿತೆಂದು ನನ್ನ ಮುಖ ನೋಡುತ್ತಾ.

ಬಸ್ಸಿನಲ್ಲಿ ಮಡಿಲ ಅಕ್ಕಿಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡೇ ಚೈತ್ರ ಎಲ್ಲವನ್ನೂ ಬಿಡಿಸಿ ಹೇಳಿದಳು. ಮುಯ್ಯಿ ಎನ್ನುವ ಹೆಸರು ತೆಗೆದು ಮಡಿಲಕ್ಕಿ ಎಂದು ಇಡುವುದು. ಪಡೆದವರು ತಮ್ಮ ಪರದೆಯಿಂದ ಒಂದು ಹಿಡಿ ಅಕ್ಕಿಯನ್ನು ಕೊಟ್ಟವರ ಮಣೆಯ ಮೇಲೆ ಹಾಕಿದರೆ ಅಲ್ಲಿಗೆ ಋಣ ಮುಗಿಯಿತು. ಆ ಹಿಡಿಗೆ ಬೆಲೆ ಇಲ್ಲ. ಹಿಡಿ ಹಾಕಿದ ಕೂಡಲೇ ಕೊಟ್ಟವರ ಹೆಸರು ಮಣೆಯಿಂದ ಮಾಯ.

ಕಚೇರಿಯಲ್ಲಿ ಸೆಲ್ವಿ ಎಲ್ಲ ಕೇಳಿಸಿಕೊಂಡಳು. ಅವಳು ಎತ್ತಿದ ಮಾತು ಸುಳ್ಳಾಗಿರಲಿಲ್ಲ.

“ಅಕ್ಕಾ, ಈಗ ಆಗ್ತಿರೋ ವ್ಯಾಪಾರದಲ್ಲಿ ಅರ್ಧ, ತಗೊಂಡ ಮುಯ್ಯಿ ತೀರಿಸೋಕೆ ಕೊಳ್ಳೋರದು. ತೀರಿಸೋದು ಫ್ರೀ ಮಾಡಿದ್ರೆ ಅದೂ ಹೋಗುತ್ತೆ. ಯುಗಾದಿ ಬಂತು.”

ಚೈತ್ರ ಮಡಿಲಿನ ಅಕ್ಕಿಯನ್ನು ಮೇಜಿನ ಮೇಲೆ ಇಳಿಸಿದಳು. ಕೆಳಗೆ ಗಿರಣಿ ಓಡುತ್ತಲೇ ಇತ್ತು. ನಾನು ಬಾಯಿ ಹಾಕಲಿಲ್ಲ. ಕಂಪನಿ ಅವಳದು.

“ನಾಚಿಕೆಗೆ ಕೊಳ್ಳೋ ದುಡ್ಡು ನಮಗೆ ಬೇಡ ಸೆಲ್ವಿ. ಹಂಗೆ ನಡೆಸೋದಕ್ಕಿಂತ ಮುಚ್ಚೋದೇ ವಾಸಿ. ನವಿಲಿನ ಗರಿ ಎಲ್ಲ ವಾಪಸ್ ಹಾಕು, ಬಾ.”

ನನ್ನ ಎದೆ ಎಷ್ಟು ದಪ್ಪವಾಯಿತೆಂದರೆ ರವಿಕೆಯ ಗುಂಡಿ ಕಿತ್ತುಹೋಗುವುದೊಂದು ಬಾಕಿ.

ನನಗೂ ಒಂದು ಕೆಲಸ ಬಿತ್ತು. ಸರೋಜಮ್ಮನಿಗೆ ವಿಷಯ ತಿಳಿಸಬೇಕಿತ್ತು. ಅವರು ಫೋನಿನಲ್ಲಿ ಮೊದಲು ಮುನಿದರು.

“ನಾನೇನ್ ವಾಪಸ್ ಕೊಡು ಅಂತ ಕೇಳಿದ್ನಾ ಅಜ್ಜಮ್ಮ?”

“ಕೇಳ್ಲಿಲ್ಲ ಕಣಮ್ಮ. ನಿಮ್ಮನೆ ಕಾರ್ಯಕ್ಕೆ ಬಂದ ಮುಯ್ಯಿ ತೀರಿಸಿ ಅಂತ ನಿಮ್ಗೆ ಯಾರಾದ್ರೂ ಕೇಳಿದ್ರಾ? ಆದ್ರೂ ತೀರಿಸ್ಲಿಲ್ವಾ ನೀವು?”

ಆ ಕಡೆ ಅವರು ಕೈಯಲ್ಲಿದ್ದ ಬಳೆಗಳನ್ನು ಕೆಳಗಿಟ್ಟ ಸದ್ದಾಯಿತು. “ಅಯ್ಯೋ, ಔದಲ್ವಾ” ಎಂದರು. “ನಾನ್ ನೋಡು, ಆಲಿನೋಳಿಗೆ ಕೊಬ್ಬು ಬಂದದೆ, ನವ್ಲು ಇಸ್ಕಂಡು ಓಡೋದ್ಲು ಅಂದ್ಕಂಡಿದ್ದೆ. ಬರಕ್ಕೇಳಿ. ಒಂದಿಡಿ ಸಾಕು ನಂಗೆ.”

ಯುಗಾದಿಗೆ ಒಂದು ವಾರ ಇರುವಾಗ ಹೊಸ ಅಪ್‌ಡೇಟ್, ಎಂದರೆ ತಿದ್ದಿದ ಆಟ, ಎಲ್ಲರ ಫೋನಿಗೂ ಹೋಯಿತು. ಮೊದಲು ಬಂದದ್ದು ರೈಲಿನ ಮುನಿಯಪ್ಪನ ದನಿ. “ಏನಜ್ಜಮ್ಮೋ, ಗಂಡಸ್ರಿಗೂ ಮಡ್ಲಕ್ಕಿನಾ? ಟವಲ್ ಒಡ್ಲಾ?” ಹಿಂದಿನಿಂದ ಇಡೀ ಬೋಗಿ ನಗುತ್ತಿತ್ತು. “ಒಡ್ಡಪ್ಪಾ, ಯಾರು ಬೇಡ ಅಂದ್ರು” ಎಂದೆ. ಅವನು ಪಕ್ಕದಲ್ಲಿ ಕೂತವನಿಂದ ಒಂದು ಹೂವಿನ ಸರ ಹಾಕಿಸಿಕೊಂಡು, ಹಿಡಿ ಅಕ್ಕಿಯನ್ನೂ ಹಾಕಿದನಂತೆ.

ನಮ್ಮ ಮೂವರ ಕಣ್ಣೂ ಇದ್ದದ್ದು ಒಂದೇ ಹೆಸರಿನ ಮೇಲೆ. ಡೇರಿಯ ಹೊತ್ತು ಕಳೆಯಿತು. ಆಟಕ್ಕೆ ಬಂದವರ ಹೆಸರಿನ ಪಕ್ಕ ಹತ್ತುವ ಹಸಿರು ಚುಕ್ಕೆ ನಾಗವೇಣಿಯ ಹೆಸರಿನ ಪಕ್ಕ ಹತ್ತಲಿಲ್ಲ. ಸೆಲ್ವಿ ಎದ್ದು ಟೀ ತರಲು ಹೋದಳು. ಚೈತ್ರ ಉಗುರಿಗೆ ಬಾಯಿ ಹಾಕಿದಳು. ಈ ಸಲ ನಾನು ಬಿಡಿಸಲಿಲ್ಲ. ನನ್ನ ಉಗುರೂ ಬಾಯಲ್ಲೇ ಇತ್ತು.

ಟೀ ಆರಿದ ಮೇಲೆ ಚುಕ್ಕೆ ಹಸಿರಾಯಿತು. ಸ್ವಲ್ಪ ಹೊತ್ತಿಗೆ ಸರೋಜಮ್ಮನ ಸಂದೇಶ ಬಂತು. ಅಂಗಡಿಗೆ ಬಂದ ಗಿರಾಕಿಯನ್ನೂ ಮರೆತು ಕೂಗುತ್ತಿದ್ದರು. “ಅಜ್ಜಮ್ಮಾ! ಬಂದ್ಲು ಕಣಮ್ಮಾ! ನನ್ ಮಣೆ ಮೇಲೆ ಒಂದಿಡಿ ಅಕ್ಕಿ ಆಕುದ್ಲು. ಆಕ್ಬುಟ್ಟು ಮುಂದುಲ್ ಎಸೆತಕ್ಕೇ ನನ್ ಕಾಯಿ ಕಡುದ್ಲು, ಮುಂಡೇದು!”

ಚೈತ್ರ ನನ್ನನ್ನು ತಬ್ಬಿಕೊಂಡು ಕೋಣೆಯ ತುಂಬ ಗಿರಗಿರ ತಿರುಗಿಸಿದಳು. ನನ್ನ ಮಂಡಿಗಳ ಕಥೆ ಬೇರೆ, ಅದನ್ನಿಲ್ಲಿ ಬರೆಯುವುದಿಲ್ಲ.

ಸೆಲ್ವಿ ಹೆದರಿದ್ದಂತೆ ಮೊದಲ ನಾಲ್ಕು ದಿನ ವ್ಯಾಪಾರ ಇಳಿಯಿತು. ಆಮೇಲೆ ಹತ್ತಿತು. ಪಡೆಯುವವರಿಗೆ ಭಾರವಿಲ್ಲ ಎಂದು ಗೊತ್ತಾದ ಮೇಲೆ ಕೊಡುವವರಿಗೂ ಕೈ ಹಗುರಾಯಿತು. ಹೋದವರೆಲ್ಲ ಬಂದರು ಎಂದು ಹೇಳಿದರೆ ಸುಳ್ಳಾಗುತ್ತದೆ. ಬಹಳ ಜನ ಬಂದರು. ಯುಗಾದಿಯ ಬೆಳಗ್ಗೆ ಚೈತ್ರ ನನ್ನ ಬಾಯಿಗೆ ಬೇವುಬೆಲ್ಲ ಇಟ್ಟು, “ಸರ್ವರ್ ಬಾಡಿಗೆ ಕಟ್ಟಿದೆ ಅಜ್ಜಿ. ಆಟದ ದುಡ್ಡಲ್ಲೇ” ಎಂದಳು. ಬೇವು ಎಲ್ಲಿತ್ತೋ, ನನಗೆ ಬೆಲ್ಲವೇ ಸಿಕ್ಕಿತು.

ಈಗಲೂ ನಾನು ಅದೇ ಕೆಲಸದಲ್ಲಿದ್ದೇನೆ. ಆಟದೊಳಗೆ ಮಾರುವ ವಸ್ತುವಿನ ಬಗ್ಗೆ ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ: ಕೊಳ್ಳುವವರು ಒಪ್ಪಿದರೆ ಅರ್ಧ ಕೆಲಸ ಮಾತ್ರ ಆಯಿತು. ಹೋದ ತಿಂಗಳು ಸೆಲ್ವಿ ಮಣೆಯ ಮೂಲೆಗೆ ಬೆಳ್ಳಿ ದೀಪಗಳನ್ನು ಬರೆದಳು. ಕಣ್ಣು ಕೋರೈಸುವಷ್ಟು ಚೆಂದ. ಎಷ್ಟಕ್ಕೆ ಮಾರೋಣ ಎಂದು ಅವಳು ಕೇಳಿದಳು. ಚೈತ್ರ ಬೆಲೆಯ ಮಾತನ್ನೇ ಎತ್ತದೆ ನನ್ನ ಕಡೆ ತಿರುಗಿದಳು.

“ಅಜ್ಜಿ, ಇದನ್ನ ಇಸ್ಕೊಂಡೋಳು ನಾಳೆ ಬೆಳಗ್ಗೆ ಜಗಲಿಗೆ ಬರ್ತಾಳಾ?”